ಅಟ್ಟದಲ್ಲಿ ಸಿಕ್ಕ ಬಿಳಿ ಬಟ್ಟೆಯ ಸುರುಳಿ: ಅಡಿಕೆ ಡ್ರೈಯರ್ ಪೈಪಿಗೆ ಸುತ್ತಬಹುದಾ?

ಹೊಳೆಬದಿ ತೋಟ
ಎಲ್ಲರಿಗೂ ನಮಸ್ಕಾರ. ನಮ್ಮದು ಹೊಸನಗರ ತಾಲೂಕು. ಕೊಯ್ಲು ಶುರುವಾಗಿದೆ, ಮಳೆ ಇನ್ನೂ ಬಿಟ್ಟಿಲ್ಲ, ಡ್ರೈಯರ್ ಇಲ್ಲದೆ ಗತಿ ಇಲ್ಲ. ಒಲೆಯಿಂದ ಅಡಿಕೆ ಒಣಗುವ ಗೂಡಿಗೆ ಹೋಗುವ ಪೈಪಿನ ಕೀಲಿನಲ್ಲಿ ಹೊಗೆ ಸೋರುತ್ತಿದೆ. ಅದನ್ನು ಫ್ಯಾನ್ ಒಳಗೆ ಎಳೆದುಕೊಂಡು ಅಡಿಕೆಗೆಲ್ಲ ಹೊಗೆ ವಾಸನೆ. ಹೋದ ವರ್ಷ ಇದೇ ಕಾರಣಕ್ಕೆ ರೇಟು ಕಡಿಮೆ ಸಿಕ್ಕಿತ್ತು.

ಮೊನ್ನೆ ಅಟ್ಟದಲ್ಲಿ ಹಳೇ ಬುಟ್ಟಿ ಹುಡುಕುವಾಗ ಒಂದು ಬಟ್ಟೆಯ ಸುರುಳಿ ಸಿಕ್ಕಿತು. ಗೋಣಿಯಷ್ಟು ದಪ್ಪ, ಮಾಸಲು ಬಿಳಿ. ಜೊತೆಗೆ ಹೆಬ್ಬೆರಳು ಗಾತ್ರದ ಹಗ್ಗ, ಅದೂ ಬಿಳಿ. ದೊಡ್ಡಪ್ಪ ಶಿವಮೊಗ್ಗ ಕಡೆಯ ಒಂದು ಫೌಂಡ್ರಿಯಲ್ಲಿದ್ದರು, ಅಲ್ಲಿಂದ ತಂದಿಟ್ಟಿದ್ದಂತೆ. ಬೆಂಕಿಗೆ ಸುಡುವುದಿಲ್ಲ ಎಂದು ಅಪ್ಪಯ್ಯ ಹೇಳಿದರು. ಎರಡು ಮಾರು ಕತ್ತಿಯಲ್ಲಿ ಕೊಯ್ದು ಕೀಲಿಗೆ ಸುತ್ತಿ, ಅಡಿಕೆ ಹಾಕದೆ ಸುಮ್ನೆ ಅರ್ಧ ಗಂಟೆ ಬೆಂಕಿ ಹಾಕಿ ನೋಡಿದೆ. ಹೊಗೆ ಪೂರ್ತಿ ನಿಂತಿತು. ಆದರೆ ಕೊಯ್ದ ಜಾಗದಲ್ಲಿ ಬೂದಿಯ ಹಾಗೆ ಪುಡಿ ಬಿದ್ದಿತ್ತು. ಹೆಂಡತಿ ಗುಡಿಸಿದಳು, ಮಗಳು ಪಕ್ಕದಲ್ಲೇ ಆಡುತ್ತಿದ್ದಳು. ಈಗ ತಲೆಯಲ್ಲಿ ಹುಳ ಬಿಟ್ಟ ಹಾಗಾಗಿದೆ. ಇದು ಯಾವ ಬಟ್ಟೆ? ಸೀಸನ್ ಪೂರ್ತಿ ಬಿಡಬಹುದಾ?

ಸಾಗರದ ವೆಲ್ಡರ್
ಕೊಯ್ದ ಮೇಲೆ ಕೈ ತುರಿಸಿತಾ? ಮೊಣಕೈ ಒಳಭಾಗ, ಕುತ್ತಿಗೆ?

ಹೊಳೆಬದಿ ತೋಟ
ಇಲ್ಲ ಅಣ್ಣ. ಹತ್ತಿ ಮುಟ್ಟಿದ ಹಾಗೆ ಮೆತ್ತಗಿತ್ತು. ತುರಿಕೆ ಏನೂ ಇಲ್ಲ. ಅದೇ ಸಮಾಧಾನ.

ಸಾಗರದ ವೆಲ್ಡರ್
ಸಮಾಧಾನ ಪಡಬೇಡ ಮಾರಾಯ. ತುರಿಸಿದ್ದರೆ ಗಾಜಿನ ನಾರಿರಬಹುದು ಎನ್ನುತ್ತಿದ್ದೆ. ಗಾಜಿನ ನಾರು ದಪ್ಪ, ಚರ್ಮಕ್ಕೆ ಚುಚ್ಚುತ್ತದೆ, ಅಲ್ಲೇ ಗೊತ್ತಾಗುತ್ತದೆ. ತುರಿಸದೆ ಮೆತ್ತಗಿರುವ ಹಳೇ ಕಾಲದ ಬಟ್ಟೆ ಅಂದರೆ ನನಗೆ ಒಂದೇ ಅನುಮಾನ. ಆಸ್ಬೆಸ್ಟಾಸ್.

ಕುಲುಮೆ ಅಜ್ಜ
ಅನುಮಾನ ಎಂತಕ್ಕೆ? ಅದೇ. ನಾನು ಫೌಂಡ್ರಿಯಲ್ಲಿ 31 ವರ್ಷ ಇದ್ದವನು. ಫರ್ನೇಸ್ ಬಾಗಿಲಿಗೆ ಆ ಹಗ್ಗ, ಸ್ಟೀಮ್ ಪೈಪಿಗೆ ಆ ಬಟ್ಟೆ, ನಮ್ಮ ಕೈಗವಸೂ ಅದರದ್ದೇ. ಮಧ್ಯಾಹ್ನ ಊಟದ ಡಬ್ಬಿ ಬಿಸಿ ಇರಲಿ ಎಂದು ಅದೇ ಬಟ್ಟೆಯಲ್ಲಿ ಸುತ್ತಿಡುತ್ತಿದ್ದೆವು. ಈಗ ನನಗೆ 74. ಏನೂ ಆಗಿಲ್ಲ. ಈಗಿನ ಹುಡುಗರು ಎಲ್ಲದಕ್ಕೂ ಹೆದರುತ್ತೀರಿ. ಧೈರ್ಯವಾಗಿ ಸುತ್ತು ಮಗಾ.

ಕೆಮಿಸ್ಟ್ರಿ ಮೇಷ್ಟ್ರು
ಅಜ್ಜ, ನಿಮ್ಮ ಅನುಭವಕ್ಕೆ ಗೌರವ ಇದೆ. ಆದರೆ ದಯವಿಟ್ಟು ಸುತ್ತು ಎಂದು ಹೇಳಬೇಡಿ.

ಕನ್ನಡದಲ್ಲಿ ಇದಕ್ಕೆ ಒಳ್ಳೆಯ ಹೆಸರಿದೆ: ಕಲ್ನಾರು. ಕಲ್ಲೇ ಹೌದು, ನಾರೂ ಹೌದು. ಅಡಿಕೆ ಹಾಳೆ ಸಿಗಿದರೆ ನಾರು ಬಿಡುತ್ತದಲ್ವಾ, ಹಾಗೆ ಈ ಕಲ್ಲು ಉದ್ದುದ್ದಕ್ಕೆ ಸೀಳುತ್ತದೆ. ಸೀಳಿದ ಎಳೆ ಮತ್ತೆ ಸೀಳುತ್ತದೆ. ಕೊನೆಗೆ ಕಣ್ಣಿಗೆ ಕಾಣದಷ್ಟು ತೆಳುವಾಗುತ್ತದೆ. ಲೆಕ್ಕಕ್ಕೆ ಹಿಡಿಯುವ ಎಳೆ 5 ಮೈಕ್ರಾನ್‌ಗಿಂತ ಉದ್ದ, 3 ಮೈಕ್ರಾನ್‌ಗಿಂತ ತೆಳು. ನಮ್ಮ ತಲೆಗೂದಲು ಸುಮಾರು 50ರಿಂದ 100 ಮೈಕ್ರಾನ್ ದಪ್ಪ. ಅಂದರೆ ನಿಮ್ಮ ಹೆಂಡತಿ ಗುಡಿಸಿದ ಪುಡಿ ಅಷ್ಟು ಮುಖ್ಯ ಅಲ್ಲ. ಕಾಣದೆ ಗಾಳಿಯಲ್ಲಿ ಗಂಟೆಗಟ್ಟಲೆ ತೇಲುವುದೇ ಮುಖ್ಯ.

ಅದು ಶ್ವಾಸಕೋಶದ ತಳಕ್ಕೆ ಇಳಿಯುತ್ತದೆ. ಅಲ್ಲಿ ಕಸ ನುಂಗುವ ಜೀವಕೋಶಗಳಿವೆ, ಆದರೆ ಎಳೆ ಅವಕ್ಕಿಂತ ಉದ್ದ. ನುಂಗಲಾಗದೆ ಅವೇ ಸಾಯುತ್ತವೆ. ಆ ಜಾಗ ಉರಿದು, ಗಾಯವಾಗಿ, ಗಟ್ಟಿಯಾಗುತ್ತಾ ಹೋಗುತ್ತದೆ. ಇದು ಆಸ್ಬೆಸ್ಟೋಸಿಸ್. ಇದರ ಜೊತೆ ಶ್ವಾಸಕೋಶದ ಕ್ಯಾನ್ಸರ್. ಇನ್ನೊಂದು ಮೀಸೋಥೆಲಿಯೋಮಾ, ಶ್ವಾಸಕೋಶದ ಹೊರಪೊರೆಗೆ ಬರುವ ಕ್ಯಾನ್ಸರ್. ಬಿಳಿ, ಕಂದು, ನೀಲಿ ಎಂದು ಬಗೆಗಳಿವೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಎಲ್ಲವನ್ನೂ ಒಂದನೇ ಗುಂಪಿಗೆ ಹಾಕಿದೆ, ಅಂದರೆ ಮನುಷ್ಯರಲ್ಲಿ ಕ್ಯಾನ್ಸರ್ ತರುವುದು ಖಚಿತ. ಆದರೆ ರೋಗ ಕಾಣಿಸಿಕೊಳ್ಳಲು 20, 30, 40 ವರ್ಷ ಬೇಕು. ಅದಕ್ಕೇ ಕೆಲಸ ಮಾಡುವಾಗ "ಏನೂ ಆಗಿಲ್ಲ" ಎಂದೇ ಅನ್ನಿಸುವುದು.

ಕುಲುಮೆ ಅಜ್ಜ
ಮೇಷ್ಟ್ರೇ, ನಾನು ಕೆಲಸ ಬಿಟ್ಟೇ 16 ವರ್ಷವಾಯಿತು.

ತುಂಗೆ ದಂಡೆ
ಅಜ್ಜ, ನಮ್ಮ ಅಪ್ಪನೂ ಇದೇ ಮಾತು ಹೇಳುತ್ತಿದ್ದರು. ಅವರ ಕೆಲಸವೇ ಬಾಯ್ಲರ್ ಪೈಪಿಗೆ ಬಟ್ಟೆ ಸುತ್ತುವುದು. ಊರು, ಕಾರ್ಖಾನೆ ಹೆಸರು ಬೇಡ. ರಿಟೈರ್ ಆಗಿ ಹತ್ತು ವರ್ಷಕ್ಕೆ ಏದುಸಿರು ಶುರುವಾಯಿತು. ಒಣ ಕೆಮ್ಮು. ಬೆರಳ ತುದಿ ಊದಿ ದುಂಡಗಾದವು. ತೋರಿಸಿದ ಕಡೆ ಎಕ್ಸ್‌ರೇ ನೋಡಿ ಟಿಬಿ ಎಂದು ಮಾತ್ರೆ ಕೊಟ್ಟರು. ಕಫದಲ್ಲಿ ಟಿಬಿ ಇಲ್ಲ ಎಂದು ಬಂದಿದ್ದರೂ ಆರು ತಿಂಗಳು ನುಂಗಿದರು. ಕಡಿಮೆ ಆಗಲಿಲ್ಲ. ಆಮೇಲೆ ಮಂಗಳೂರಿಗೆ ಕರೆದುಕೊಂಡು ಹೋದೆವು. ಅಲ್ಲಿನ ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ: "ನೀವು ಏನು ಕೆಲಸ ಮಾಡುತ್ತಿದ್ದಿರಿ?" ಅಷ್ಟು ದಿನ ಅದನ್ನು ಯಾರೂ ಕೇಳಿರಲಿಲ್ಲ. ಸಿ.ಟಿ. ಮಾಡಿಸಿ ಆಸ್ಬೆಸ್ಟೋಸಿಸ್ ಎಂದರು. ಗಟ್ಟಿಯಾದ ಶ್ವಾಸಕೋಶ ಮತ್ತೆ ಮೆತ್ತಗಾಗುವುದಿಲ್ಲ, ಔಷಧಿ ಇಲ್ಲ ಎಂದೂ ಹೇಳಿದರು. ಇನ್ನೂ ಮೂರು ವರ್ಷ ಇದ್ದರು. ಕೊನೆಗೆ ಜಗಲಿಯಿಂದ ಬಚ್ಚಲಿಗೆ ಹೋಗುವಷ್ಟರಲ್ಲಿ ಎರಡು ಸಲ ಕೂರುತ್ತಿದ್ದರು.

ನನಗೆ ಈಗ ಅಮ್ಮನ ಚಿಂತೆ. ಅಪ್ಪನ ಕೆಲಸದ ಬಟ್ಟೆ ದಿನಾ ಒಗೆದವಳು ಅವಳು. ಒಗೆಯುವ ಮೊದಲು ಅಂಗಳದಲ್ಲಿ ನಿಂತು ಫಟ್ ಫಟ್ ಎಂದು ಕೊಡವುತ್ತಿದ್ದಳು.

ಕೆಮಿಸ್ಟ್ರಿ ಮೇಷ್ಟ್ರು
ಅಕ್ಕ, ಓದಿ ಬೇಸರವಾಯಿತು. ನಿಮ್ಮ ಚಿಂತೆ ಸುಳ್ಳಲ್ಲ. ಕಾರ್ಖಾನೆಗೆ ಕಾಲಿಡದ ಹೆಂಡತಿಯರಿಗೆ, ಮಕ್ಕಳಿಗೆ ಮೀಸೋಥೆಲಿಯೋಮಾ ಬಂದದ್ದು ಹಲವು ದೇಶಗಳಲ್ಲಿ ದಾಖಲಾಗಿದೆ. ಹಾಗೆಂದು ಬಟ್ಟೆ ಒಗೆದವರಿಗೆಲ್ಲ ಬರುತ್ತದೆ ಅಂತಲ್ಲ. ಅಮ್ಮನಿಗೆ ಉಸಿರಿನ ತೊಂದರೆ ಇದ್ದರೆ, ಡಾಕ್ಟರ್ ಕೇಳದಿದ್ದರೂ ಈ ವಿಷಯ ನೀವೇ ಹೇಳಿ.

ಇದು ಹೊಸ ಸುದ್ದಿಯೂ ಅಲ್ಲ. ಇಂಗ್ಲೆಂಡಿನ ರೋಚ್‌ಡೇಲ್ ಊರಿನಲ್ಲಿ ಕಲ್ನಾರು ನೂಲುತ್ತಿದ್ದ ನೆಲ್ಲಿ ಕರ್ಷಾ ಎಂಬ ಹೆಂಗಸು 1924ರಲ್ಲಿ ತೀರಿಕೊಂಡರು, ವಯಸ್ಸು 33. ವೈದ್ಯ ಪತ್ರಿಕೆಯಲ್ಲಿ ಮೊದಲು ವಿವರವಾಗಿ ಬಂದದ್ದು ಅವರ ಶ್ವಾಸಕೋಶವೇ. 1931ರಲ್ಲಿ ಅಲ್ಲಿ ಧೂಳು ತಡೆಯುವ ಕಾನೂನೂ ಬಂತು. ಈ ರೋಗ ಮೊದಲು ಗೊತ್ತಾದದ್ದು ಬಟ್ಟೆ ಕೆಲಸದವರಿಂದ, ಕಲ್ನಾರು ಬೆರೆಸಿದ ಸಿಮೆಂಟ್ ಶೀಟಿನ ಕೆಲಸದವರಿಂದಲ್ಲ. ಶೀಟಿನಲ್ಲಿ ನಾರನ್ನು ಸಿಮೆಂಟ್ ಹಿಡಿದಿಟ್ಟಿರುತ್ತದೆ. ಬಟ್ಟೆಯಲ್ಲಿ ಹಿಡಿಯುವವರು ಯಾರೂ ಇಲ್ಲ.

ಹೊಳೆಬದಿ ತೋಟ
ಕೈಕಾಲು ತಣ್ಣಗಾಯಿತು. ಮಗಳಿಗೆ ಮೂರು ವರ್ಷ. ನಾಳೆಯೇ ಎಕ್ಸ್‌ರೇ ಮಾಡಿಸಲಾ? ಸಾಮಾನು ಕಿತ್ತು ಒಲೆಗೆ ಹಾಕಿ ಸುಟ್ಟುಬಿಡಲಾ?

ಸೇಫ್ಟಿ ಸೀನ
ಸ್ವಲ್ಪ ನಿಲ್ಲಿ. ನಾನು ಕೈಗಾರಿಕಾ ಸುರಕ್ಷತೆಯ ಕೆಲಸದವನು, ಮಾಚೇನಹಳ್ಳಿ ಕಡೆಯ ಒಂದು ಘಟಕದಲ್ಲಿದ್ದೇನೆ.

ಮೊದಲು ಮಗಳ ವಿಷಯ. ಎಕ್ಸ್‌ರೇ ಬೇಡ. ನಿನ್ನೆ ಒಳಗೆ ಹೋದ ಎಳೆ ಇವತ್ತಿನ ಎಕ್ಸ್‌ರೇಯಲ್ಲಿ ಕಾಣುವುದಿಲ್ಲ, ಮಗುವಿಗೆ ಸುಮ್ನೆ ವಿಕಿರಣ. ಅಪಾಯ ಕೂಡುತ್ತಾ ಹೋಗುವ ಲೆಕ್ಕ. ಎಷ್ಟು ಎಳೆ, ಎಷ್ಟು ವರ್ಷ ಎನ್ನುವುದು ಮುಖ್ಯ. ಇಷ್ಟರವರೆಗೆ ಏನೂ ಆಗುವುದಿಲ್ಲ ಎಂಬ ಗೆರೆ ಯಾರೂ ಎಳೆದಿಲ್ಲ, ನಿಜ. ಆದರೆ ಒಂದು ದಿನದ ಅರ್ಧ ಗಂಟೆಗೂ ಅಜ್ಜನ 31 ವರ್ಷಕ್ಕೂ ಅಜಗಜಾಂತರ. ಇಲ್ಲಿಗೆ ನಿಲ್ಲಿಸಿದರೆ ನೀವು ನಿದ್ದೆ ಕೆಡಬೇಕಿಲ್ಲ.

ಸುಡುವ ಯೋಚನೆ ಬಿಡಿ. ಸುಡುವುದಿಲ್ಲ ಎಂದೇ ಅಲ್ವಾ ಅದನ್ನು ನೇಯ್ದದ್ದು! ಕಲ್ನಾರು ಒಂದನ್ನೇ ನೂಲುವುದು ಕಷ್ಟ, ಹಾಗಾಗಿ ಅದಕ್ಕೆ ಸ್ವಲ್ಪ ಹತ್ತಿ ಬೆರೆಸುತ್ತಿದ್ದರು. ಬೆಂಕಿಗೆ ಆ ಹತ್ತಿ ಕರಕಲಾಗುತ್ತದೆ, ನಾರು ಉಳಿಯುತ್ತದೆ. ನೇಯ್ಗೆ ಸಡಿಲವಾಗಿ ಮೊದಲಿಗಿಂತ ಜಾಸ್ತಿ ಉದುರುತ್ತದೆ. ನಿಮ್ಮ ಪೈಪಿನ ಮೇಲಿನ ತುಂಡಿಗೂ ಇದೇ ಗತಿ. ಫ್ಯಾನ್ ಹಾಕಲೇಬೇಡಿ. ಹೊಗೆ ಒಳಗೆ ಹೋದ ದಾರಿಯಲ್ಲೇ ನಾರೂ ಹೋಗುತ್ತದೆ, ಅಡಿಕೆಯ ಮೇಲೆ ಕೂರುತ್ತದೆ.

ಸಾಗರದ ವೆಲ್ಡರ್
ಒಂದು ದಾರ ಕಿತ್ತು ಗ್ಯಾಸ್ ಕಟರ್ ಬೆಂಕಿಗೆ ಹಿಡಿದರೆ ಗೊತ್ತಾಗುವುದಿಲ್ವಾ? ಗಾಜಾದರೆ ಕರಗಿ ಮಣಿ ಆಗುತ್ತದೆ.

ಸೇಫ್ಟಿ ಸೀನ
ಗಾಜು ಕರಗುತ್ತದೆ, ಸರಿ. ಕರಗದೇ ಉಳಿದರೆ? ಕಲ್ನಾರೂ ಆಗಬಹುದು, ಸೆರಾಮಿಕ್ ನಾರೂ ಆಗಬಹುದು. ಕಿತ್ತು ಎಳೆ ಹಾರಿಸಿದ್ದಷ್ಟೇ ಲಾಭ. ಬಣ್ಣ ನೋಡಿ ಹೇಳುವುದೂ ಆಗದು. ಧ್ರುವೀಕೃತ ಬೆಳಕಿನ ಸೂಕ್ಷ್ಮದರ್ಶಕದ ಕೆಳಗೆ ಲ್ಯಾಬಿನವರು ನೋಡಿದರೇ ಖಚಿತ. ಹಳೇ ಫೌಂಡ್ರಿಯ ಬಟ್ಟೆ, ಅಜ್ಜ ಗುರುತು ಹಿಡಿದಿದ್ದಾರೆ. ಕಲ್ನಾರು ಎಂದೇ ತಿಳಿದು ನಡೆದುಕೊಳ್ಳಿ, ಪರೀಕ್ಷೆಯ ಖರ್ಚೂ ಉಳಿಯಿತು.

ಈಗ ತೆಗೆಯುವ ಬಗೆ. ಪೈಪ್ ಪೂರ್ತಿ ತಣ್ಣಗಾಗಲಿ. ಮನೆಯವರು ಯಾರೂ ಆ ಕಡೆ ಬರಬಾರದು. ನಿಮ್ಮ ಹತ್ತಿರ ಬೋರ್ಡೋ ಔಷಧಿ ಹೊಡೆಯುವ ಬೆನ್ನಿನ ಪಂಪ್ ಇರುತ್ತದೆ. ಚೆನ್ನಾಗಿ ತೊಳೆದು ನೀರು ತುಂಬಿ, ಪಾತ್ರೆ ತೊಳೆಯುವ ಸೋಪಿನ ನೀರು ನಾಲ್ಕು ಹನಿ ಹಾಕಿ. ಬರೀ ನೀರು ಬಟ್ಟೆಯೊಳಗೆ ಸರಿಯಾಗಿ ಇಳಿಯದಿರಬಹುದು, ಸೋಪಿದ್ದರೆ ಚೆನ್ನಾಗಿ ಇಳಿಯುತ್ತದೆ. ತೆಳು ಮಂಜಿನ ಹಾಗೆ ಹೊಡೆಯಿರಿ. ತೋಟಕ್ಕೆ ಹೊಡೆಯುವ ಮೋಟಾರ್ ಪಂಪ್ ಮಾತ್ರ ಬೇಡ, ಅದರ ರಭಸಕ್ಕೆ ನಾರೇ ಎದ್ದು ಹಾರುತ್ತದೆ. ಹತ್ತು ನಿಮಿಷ ನೆನೆಯಲಿ. ಕೊಯ್ಯಬೇಡಿ, ಎಳೆಯಬೇಡಿ, ಸುತ್ತಿದ ಹಾಗೇ ಬಿಚ್ಚಿ ನೇರ ದಪ್ಪ ಪ್ಲಾಸ್ಟಿಕ್ ಚೀಲಕ್ಕೆ ಇಳಿಸಿ. ಬಾಯಿ ತಿರುಚಿ ಮಡಚಿ ಟೇಪ್ ಸುತ್ತಿ, ಅದನ್ನು ಇನ್ನೊಂದು ಚೀಲಕ್ಕೆ ಹಾಕಿ. ಮೇಲೆ ದೊಡ್ಡದಾಗಿ "ಕಲ್ನಾರು, ಬಿಚ್ಚಬೇಡಿ" ಎಂದು ಬರೆಯಿರಿ.

ನೆಲವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆಯೂ ಚೀಲಕ್ಕೆ. ಮೊನ್ನೆ ಗುಡಿಸಿದ ಪೊರಕೆಯೂ ಹೋಗಲಿ, ದುಃಖ ಪಡಬೇಡಿ. ಮನೆಯ ವ್ಯಾಕ್ಯೂಮ್ ಕ್ಲೀನರ್ ಬೇಡ, ಹಿಂದಿನಿಂದ ಎಲ್ಲವನ್ನೂ ಊದುತ್ತದೆ.

ಮಾಸ್ಕ್ ಬಗ್ಗೆ: ಮುಖಕ್ಕೆ ಟವೆಲ್ ಕಟ್ಟಿಕೊಂಡರೆ ಏನೂ ಇಲ್ಲ ಅಂತಲೇ ಲೆಕ್ಕ. ಕೋವಿಡ್ ಕಾಲದ ನೀಲಿ ಮಾಸ್ಕೂ ಅಷ್ಟೇ. ಎರಡು ಕಡೆ ಫಿಲ್ಟರ್ ಡಬ್ಬಿ ಇರುವ ರಬ್ಬರ್ ಮಾಸ್ಕ್, ಡಬ್ಬಿ ಪಿ-100 ಅಥವಾ ಪಿ-3 ದರ್ಜೆಯದು ಬೇಕು. ಗಡ್ಡ ಇದ್ದರೆ ಬೋಳಿಸಿ, ಇಲ್ಲದಿದ್ದರೆ ಅಂಚಿನಲ್ಲಿ ಗಾಳಿ ನುಗ್ಗುತ್ತದೆ. ಕೆಲಸ ಮುಗಿದ ಮೇಲೆ ಹಾಕಿದ ಹಳೇ ಬಟ್ಟೆ ಒದ್ದೆ ಮಾಡಿ ಅಲ್ಲೇ ಕಳಚಿ ಚೀಲಕ್ಕೆ ಹಾಕಿ, ಮಾಸ್ಕ್ ಕೊನೆಗೆ ತೆಗೆದು ಸ್ನಾನ ಮಾಡಿ. ತುಂಗೆ ದಂಡೆ ಅಕ್ಕನ ಅಮ್ಮನ ಕಥೆ ಓದಿದಿರಲ್ಲ, ಕೊಡವುವ ಕೆಲಸ ಮಾತ್ರ ಬೇಡ.

ಕುಲುಮೆ ಅಜ್ಜ
ಒಂದು ಮಾತು ಒಪ್ಪುತ್ತೇನೆ. ನಮ್ಮಲ್ಲಿ ಹಳಬ ಮೇಸ್ತ್ರಿ ಒಬ್ಬರಿದ್ದರು. ಬಟ್ಟೆ ಕೊಯ್ಯುವ ಮೊದಲು ಬಕೆಟ್ ನೀರಿನಲ್ಲಿ ಅದ್ದಿಸುತ್ತಿದ್ದರು. ಎದೆಗೆ ಒಳ್ಳೆಯದು ಅಂತಲ್ಲ, ಒಣದು ಕೊಯ್ದರೆ ಅಂಚು ಬಿಚ್ಚಿ ಹೋಗುತ್ತದೆ ಅಂತ. ಅವರು ರಿಟೈರ್ ಆದ ಮೇಲೆ ಅದ್ದುವುದೂ ನಿಂತಿತು. ಬಿಸಿಲು ಕೋಲಿನಲ್ಲಿ ಬಿಳಿ ಬಿಳಿ ಮಿನುಗುತ್ತಿತ್ತು. ನೋಡಲು ಚೆಂದ ಇತ್ತು ಮಾರಾಯ್ರೇ.

ತುಂಗೆ ದಂಡೆ
ಅಜ್ಜ, ನೀವು ಬೀಡಿ ಸಿಗರೇಟ್ ಸೇದುತ್ತೀರಾ? ಬೇಸರ ಮಾಡಿಕೊಳ್ಳಬೇಡಿ.

ಕುಲುಮೆ ಅಜ್ಜ
ಊಟ ಆದ ಮೇಲೆ ಒಂದು.

ಕೆಮಿಸ್ಟ್ರಿ ಮೇಷ್ಟ್ರು
ಅದನ್ನು ಇವತ್ತೇ ಬಿಡಿ. ಅಮೆರಿಕದ ಇನ್ಸುಲೇಷನ್ ಕೆಲಸಗಾರರ ಒಂದು ಅಧ್ಯಯನ 1979ರಲ್ಲಿ ಪ್ರಕಟವಾಯಿತು. ಕಲ್ನಾರು, ಸಿಗರೇಟ್ ಎರಡೂ ಇಲ್ಲದವರಿಗೆ ಶ್ವಾಸಕೋಶದ ಕ್ಯಾನ್ಸರಿನಿಂದ ಸಾಯುವ ಅಪಾಯ 1 ಎಂದಿಟ್ಟುಕೊಂಡರೆ, ಕಲ್ನಾರು ಮಾತ್ರ ಇದ್ದವರಿಗೆ ಸುಮಾರು 5, ಸಿಗರೇಟ್ ಮಾತ್ರ ಇದ್ದವರಿಗೆ ಸುಮಾರು 11, ಎರಡೂ ಇದ್ದವರಿಗೆ 53. ಕೂಡುವ ಲೆಕ್ಕವಲ್ಲ, ಗುಣಿಸುವ ಲೆಕ್ಕ. ಹಳೆಯ ನಾರನ್ನು ಹೊರಗೆ ತೆಗೆಯಲಾಗದು, ಸಿಗರೇಟ್ ನಿಲ್ಲಿಸಬಹುದಲ್ಲ.

ಆಟೋ ಕಾಂಪ್ಲೆಕ್ಸ್ ಮೆಕ್ಯಾನಿಕ್
ನಡುವೆ ಬಾಯಿ ಹಾಕುತ್ತಿದ್ದೇನೆ. ನಮ್ಮಲ್ಲಿ ಹಳೇ ಜೀಪು, ಲಾರಿಗಳ ಬ್ರೇಕ್ ಡ್ರಮ್ ಬಿಚ್ಚಿ ಏರ್ ಹೊಡೆಯುತ್ತೇವೆ. ಕಪ್ಪು ಧೂಳು ಮುಖಕ್ಕೆಲ್ಲ ಬರುತ್ತದೆ. ಇದರಲ್ಲೂ ಇದೆಯಾ?

ಸೇಫ್ಟಿ ಸೀನ
ಹಳೇ ಲೈನರ್‌ಗಳಲ್ಲಿ ಇರುವ ಸಾಧ್ಯತೆ ಜಾಸ್ತಿ. ಹೊಸದರ ಡಬ್ಬಿಯ ಮೇಲೆ ಆಸ್ಬೆಸ್ಟಾಸ್ ಇಲ್ಲ ಎಂದು ಬರೆದಿದೆಯಾ ನೋಡಿ ಕೊಳ್ಳಿ. ಏರ್ ಹೊಡೆಯುವುದು ಬಿಟ್ಟು ಸೋಪಿನ ನೀರಿನಲ್ಲಿ ಒದ್ದೆ ಮಾಡಿ ಬಟ್ಟೆಯಲ್ಲಿ ಒರೆಸಿ.

ಹೆದ್ದಾರಿಪುರದ ಮಾಣಿ
ನಮ್ಮ ಕೊಟ್ಟಿಗೆಗೆ ಸಿಮೆಂಟ್ ಶೀಟ್. ಮಂಗಗಳು ಕುಣಿದು ಒಡೆದು ಹಾಕಿವೆ. ಪ್ರತಿ ಮೇ ತಿಂಗಳು ಹಾವಸೆ ಕೆರೆಯುತ್ತೇವೆ. ಬಿಟ್ಟುಬಿಡಬೇಕಾ?

ಸೇಫ್ಟಿ ಸೀನ
ಮಂಗನಿಗೆ ನನ್ನ ಹತ್ತಿರ ಉಪಾಯ ಇಲ್ಲ. ಶೀಟ್ ಗಟ್ಟಿ ಇರುವಷ್ಟು ದಿನ ಮುಟ್ಟದೆ ಬಿಟ್ಟರೆ ತೊಂದರೆ ಕಡಿಮೆ. ಒಣಗಿದಾಗ ತಂತಿ ಬ್ರಶ್ ಹಾಕಿ ಕೆರೆಯುವುದು, ಗರಗಸ ಹಾಕುವುದು, ಒಡೆದ ಚೂರನ್ನು ದಾರಿಯ ಹೊಂಡಕ್ಕೆ ಸುರಿಯುವುದು, ಇವು ಬೇಡ. ಶೀಟಿನ ಚರ್ಚೆ ಬೇರೆ ಎಳೆಯಲ್ಲಿ ಮಾಡೋಣ, ಇಲ್ಲಿ ಬಟ್ಟೆ ಮುಗಿಯಲಿ.

ಹೊಳೆಬದಿ ತೋಟ
ಎಲ್ಲರಿಗೂ ಧನ್ಯವಾದ. ಮಾಸ್ಕ್ ತರಿಸಿದ್ದೇನೆ. ಎರಡು ಪ್ರಶ್ನೆ ಉಳಿದಿವೆ. ಚೀಲ ಎಲ್ಲಿ ಬಿಸಾಡಲಿ? ಹೊಗೆಗೆ ಏನು ಸುತ್ತಲಿ? ಒಣಗಿಸಬೇಕಾದ ಗೋಟಡಿಕೆ (ಹಣ್ಣಡಿಕೆ) ಬೇರೆ ರಾಶಿ ಬಿದ್ದಿದೆ.

ಸಾಗರದ ವೆಲ್ಡರ್
ಎರಡನೆಯದಕ್ಕೆ ನಾನು ಹೇಳುತ್ತೇನೆ. ಗ್ಲಾಸ್ ಫೈಬರ್ ಹಗ್ಗ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ, ಸುಮಾರು 500 ಡಿಗ್ರಿ ತಡೆಯುತ್ತದೆ. ನಿಮ್ಮ ಕೀಲು ಒಲೆಯ ಬಾಯಿಯಿಂದ ದೂರ ಇದ್ದರೆ ಅದೇ ಸಾಕು. ಉದ್ದ ತೋಳಿನ ಅಂಗಿ, ಕೈಗವಸು, ಕನ್ನಡಕ ಹಾಕಿಕೊಳ್ಳಿ, ತುರಿಸುತ್ತದೆ. ಅಂಗಡಿಯವರು ಬಿಳಿ ಸೆರಾಮಿಕ್ ಬ್ಲ್ಯಾಂಕೆಟ್ ತೋರಿಸಿ 1260 ಡಿಗ್ರಿ ತಡೆಯುತ್ತದೆ, ಇದೇ ತಗೊಳ್ಳಿ ಎನ್ನುತ್ತಾರೆ. ಅದು ಬೇಡ.

ಸೇಫ್ಟಿ ಸೀನ
ಸರಿಯಾಗಿ ಹೇಳಿದಿರಿ. ಆಸ್ಬೆಸ್ಟಾಸ್ ಅಲ್ಲ ಎಂದಾಕ್ಷಣ ನಿರಪಾಯ ಎಂದು ಜನ ತಿಳಿಯುತ್ತಾರೆ. ಸೆರಾಮಿಕ್ ನಾರೂ ಉಸಿರಿನಲ್ಲಿ ಒಳಗೆ ಹೋಗುವಷ್ಟು ತೆಳು. ಮೇಷ್ಟ್ರು ಹೇಳಿದ ಅದೇ ಕ್ಯಾನ್ಸರ್ ವಿಭಾಗದ ಪಟ್ಟಿಯಲ್ಲಿ, ಕ್ಯಾನ್ಸರ್ ತರಬಹುದು ಎಂಬ 2ಬಿ ಗುಂಪಿನಲ್ಲಿದೆ. ಇನ್ನೊಂದು ವಿಷಯ, ಸಾವಿರ ಡಿಗ್ರಿ ಆಸುಪಾಸಿನಲ್ಲಿ ತುಂಬ ಕಾಲ ಕಾದರೆ ಅದರಲ್ಲಿ ಕ್ರಿಸ್ಟೋಬಲೈಟ್ ಹುಟ್ಟುತ್ತದೆ. ಅದು ಸಿಲಿಕೋಸಿಸ್ ತರುವ ಸಿಲಿಕಾದ ಒಂದು ರೂಪ. ಹಾಗಾಗಿ ಫರ್ನೇಸಿನ ಹಳೇ ಬ್ಲ್ಯಾಂಕೆಟ್ ಕೀಳುವುದು ಹೊಸದು ಹಾಕುವುದಕ್ಕಿಂತ ಅಪಾಯ. ನಮ್ಮ ಘಟಕದಲ್ಲೂ ಹುಡುಗರು ಅದನ್ನು ಒಣದೇ ಹರಿಯುತ್ತಿದ್ದರು, ಒದ್ದೆ ಮಾಡಿಸಲು ನನಗೆ ಎರಡು ವರ್ಷ ಹಿಡಿಯಿತು. ಬೇಕೇ ಬೇಕೆಂದರೆ ದೇಹದಲ್ಲಿ ಬೇಗ ಕರಗುವ ಬಗೆಯ ಬ್ಲ್ಯಾಂಕೆಟ್ ಬಂದಿದೆ, ಬಯೋ ಸಾಲ್ಯುಬಲ್ ಎಂದು ಕೇಳಿ.

ಚೀಲದ ವಿಷಯ. ಕಾರ್ಖಾನೆಗಳಿಂದ ಬರುವ ಕಲ್ನಾರು ತ್ಯಾಜ್ಯ 2016ರ ಅಪಾಯಕಾರಿ ತ್ಯಾಜ್ಯ ನಿಯಮದ ಪಟ್ಟಿಯಲ್ಲಿದೆ. ಪಂಚಾಯ್ತಿ ಕಸದ ಗಾಡಿಗೆ ಕೊಡಬೇಡಿ, ಅಲ್ಲಿ ಕಸ ವಿಂಗಡಿಸುವ ಹೆಂಗಸರು ಚೀಲ ಬಿಚ್ಚುತ್ತಾರೆ. ತೋಟದಲ್ಲಿ ಹೂಳಿದರೆ ಮುಂದೆ ಯಾರಾದರೂ ಬಸಿಗಾಲುವೆ ತೆಗೆಯುವಾಗ ಗುದ್ದಲಿಗೆ ಸಿಗುತ್ತದೆ. ಮಾಲಿನ್ಯ ನಿಯಂತ್ರಣ ಮಂಡಳಿಯ ಶಿವಮೊಗ್ಗ ಕಚೇರಿಗೆ ಒಂದು ಪತ್ರ ಬರೆಯಿರಿ. ಇಂಥದ್ದನ್ನು ಹೂಳಲೆಂದೇ ದಾಬಸ್‌ಪೇಟೆ ಬಳಿ ಜಾಗ ಇದೆ, ಕೈಗಾರಿಕೆಗಳು ಅಲ್ಲಿಗೇ ಕಳಿಸುತ್ತವೆ. ಒಂದು ಮನೆಯ ಮೂರು ಚೀಲಕ್ಕೆ ಗಾಡಿ ಬರುತ್ತದಾ ಎನ್ನುವುದು ಬೇರೆ ಮಾತು. ಅಲ್ಲಿಯವರೆಗೆ ಬೀಗ ಹಾಕುವ ಜಾಗದಲ್ಲಿಡಿ.

ಕುಲುಮೆ ಅಜ್ಜ
ನಿನ್ನೆ ರಾತ್ರಿ ನಿದ್ದೆ ಬರಲಿಲ್ಲ. ದೇವಸ್ಥಾನದ ಮೆಟ್ಟಿಲು ಹತ್ತುವಾಗ ನಡುವೆ ಎರಡು ಸಲ ನಿಲ್ಲುತ್ತೇನೆ. ವಯಸ್ಸು ಎಂದುಕೊಂಡಿದ್ದೆ. ವಯಸ್ಸೇ ಇರಬಹುದು. ಯಾವ ಪರೀಕ್ಷೆ ಮಾಡಿಸಬೇಕು ಎಂದು ಮಗ ಕೇಳುತ್ತಿದ್ದಾನೆ.

ತುಂಗೆ ದಂಡೆ
ಶ್ವಾಸಕೋಶದ ಡಾಕ್ಟರ್ ಹತ್ತಿರ ಹೋಗಿ ಅಜ್ಜ. 31 ವರ್ಷದ ಕೆಲಸ ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ. ಯಾವ ವಿಭಾಗ, ಯಾವ ಇಸವಿ, ಏನು ಮುಟ್ಟುತ್ತಿದ್ದಿರಿ, ಎಲ್ಲ. ಊದಿಸಿ ನೋಡುವ ಪರೀಕ್ಷೆ ಮತ್ತು ಎಕ್ಸ್‌ರೇ ಮೊದಲು, ಬೇಕಿದ್ದರೆ ಅವರೇ ಸಿ.ಟಿ. ಬರೆಯುತ್ತಾರೆ. ಹಳೇ ಇಎಸ್‌ಐ ಕಾರ್ಡ್, ಸಂಬಳದ ಚೀಟಿ, ಏನೇ ಇದ್ದರೂ ಬಿಸಾಡಬೇಡಿ. ಆಸ್ಬೆಸ್ಟೋಸಿಸ್, ಕಲ್ನಾರಿನ ಕ್ಯಾನ್ಸರ್‌ಗಳು ಕೆಲಸದಿಂದ ಬರುವ ರೋಗಗಳ ಪಟ್ಟಿಯಲ್ಲಿವೆ. ಪರಿಹಾರ ಕೇಳುವ ಹಕ್ಕಿದೆ. 1995ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, ಕಲ್ನಾರು ಕೆಲಸಗಾರರ ಆರೋಗ್ಯ ದಾಖಲೆಯನ್ನು ಕೆಲಸಕ್ಕೆ ಸೇರಿದಾಗಿನಿಂದ 40 ವರ್ಷ ಅಥವಾ ಬಿಟ್ಟ ಮೇಲೆ 15 ವರ್ಷ, ಯಾವುದು ಹೆಚ್ಚೋ ಅಷ್ಟು ಕಾಲ ಇಡಬೇಕು ಎಂದು. ನಮ್ಮ ಅಪ್ಪನದು ಕೇಳಲು ಹೋದಾಗ ಕಡತ ಇಲ್ಲ ಎಂದರು. ನಿಮ್ಮದು ಸಿಗಲಿ.

ಕುಲುಮೆ ಅಜ್ಜ
ಹಾಳೆ ಬರೆಯಲು ಕೂತಿದ್ದೇನೆ. ಡಬ್ಬಿಗೆ ಸುತ್ತಿದ ಬಟ್ಟೆಯನ್ನೂ ಬರೆಯಬೇಕಾ?

ತುಂಗೆ ದಂಡೆ
ಬರೆಯಿರಿ ಅಜ್ಜ.

ಹೊಳೆಬದಿ ತೋಟ
ಕೆಲಸ ಮುಗಿಯಿತು. ಬೆಳಿಗ್ಗೆ ಆರಕ್ಕೆ, ಗಾಳಿ ಇಲ್ಲದ ಹೊತ್ತು ನೋಡಿ ಮಾಡಿದೆ. ಪೈಪಿನದು ಸುಲಭ. ಅಟ್ಟದ್ದೇ ಕಷ್ಟ. ಸುರುಳಿಯನ್ನು ಇಲಿ ಕಡಿದು ಹುಡಿ ಮಾಡಿದ್ದವು. ಹಲಗೆ ಸಂದಿಯಿಂದ ಕೆಳಗಿನ ಕೋಣೆಗೂ ಉದುರಿರಬಹುದು ಎಂದು ಎರಡನ್ನೂ ಒದ್ದೆ ಬಟ್ಟೆಯಲ್ಲಿ ಮೂರು ಸಲ ಒರೆಸಿದೆ. ಮಾಸ್ಕ್ ಹಾಕಿಕೊಂಡ ನನ್ನನ್ನು ನೋಡಿ ಮಗಳು ಅತ್ತಳು. ಅಪ್ಪಯ್ಯ ನಕ್ಕರು. ಕಾಡಿಗೆ ಹೋಗುವಾಗ ಮಂಗನ ಕಾಯಿಲೆ ಹರಡುವ ಉಣುಗು ಕಚ್ಚದಂತೆ ಎಣ್ಣೆ ಹಚ್ಚಿಕೊಳ್ಳಿ ಎಂದಾಗಲೂ ಮೊದಲು ಹೀಗೇ ನಗುತ್ತಿದ್ದರು.

ಗಾಜಿನ ಹಗ್ಗ ಶಿವಮೊಗ್ಗದಿಂದ ನಾಳೆ ಬರುತ್ತದೆ. ಅಲ್ಲಿಯವರೆಗೆ ಅಮ್ಮ ಹುತ್ತದ ಮಣ್ಣು, ಬೂದಿ ಕಲಸಿ ಕೀಲಿಗೆ ಮೆತ್ತಿದ್ದಾಳೆ. ಎರಡು ಕಡೆ ಬಿರುಕು ಬಿಟ್ಟಿದೆ, ಆದರೂ ಹೊಗೆ ಮುಕ್ಕಾಲು ಪಾಲು ನಿಂತಿದೆ. ಮಂಡಳಿಗೆ ಪತ್ರ ಹಾಕಿದ್ದೇನೆ. ಚೀಲ ಒಟ್ಟು ನಾಲ್ಕಾಯಿತು, ಪಂಪ್‌ಹೌಸಿನಲ್ಲಿ ಬೀಗ ಹಾಕಿಟ್ಟಿದ್ದೇನೆ. ಉತ್ತರ ಬಂದರೆ ಇಲ್ಲೇ ಬರೆಯುತ್ತೇನೆ. ಅಜ್ಜ, ನಿಮ್ಮ ರಿಪೋರ್ಟ್ ಬಂದಾಗ ನೀವೂ ಬರೆಯಿರಿ.